ಕಾರ್ನಿಶ್‌ನಲ್ಲಿ ಸೂರ್ಯ ಮುಳುಗುವುದು ಎಲ್ಲಿ

ಕಳೆದ ವಾರ ಉಮ್ಮ್ ಸಲಾಲ್‌ನಿಂದ ಒಬ್ಬರು ಫೋನು ಮಾಡಿ ನಾನಿರುವ ಮದೀನತ್ ಖಲೀಫಾಕ್ಕೆ ದಾರಿ ಕೇಳಿದರು. ಪಡುಬಿದ್ರಿಯ ಕಡೆಯವರು, ಕತಾರಿಗೆ ಹೊಸತಾಗಿ ಬಂದವರು. ಊರಿನಲ್ಲಿ ಯಾರೋ ನನಗೆಂದು ಕಟ್ಟಿಕೊಟ್ಟ ಹಪ್ಪಳದ ಪೊಟ್ಟಣ ಅವರ ಹತ್ತಿರ ಇತ್ತು. ನಾನು ಬಹಳ ವಿಶ್ವಾಸದಿಂದ ಹೇಳಿದೆ: "ದೊಡ್ಡ ರಸ್ತೆಯಲ್ಲಿ ಸೀದಾ ಬನ್ನಿ. ಪೆಟ್ರೋಲ್ ಬಂಕ್ ಕಳೆದ ಮೇಲಿನ ರೌಂಡ್ ಅಬೌಟ್‌ನಲ್ಲಿ ಪಡುಬದಿಗೆ ತಿರುಗಿ. ಲಾಂಡ್ರಿಯ ಪಕ್ಕದ ಗೇಟು."

ಫೋನು ಇಟ್ಟ ಮೇಲೆ ತಪ್ಪು ಹೊಳೆಯಿತು. ಆ ವೃತ್ತದಲ್ಲಿ ಪಡುವಣಕ್ಕೆ, ಎಂದರೆ ಪಶ್ಚಿಮಕ್ಕೆ, ತಿರುಗಿದರೆ ಸಿಗುವುದು ಮರಳು. ಹಿಂದೊಮ್ಮೆ ದಿಲ್ಲಿಯ ಸಹೋದ್ಯೋಗಿಯೊಬ್ಬರಿಗೆ ಇದೇ ದಾರಿಯನ್ನು ಇದೇ ವಿಶ್ವಾಸದಿಂದ ಹೇಳಿದ್ದೆ. ಅವರು ಹೆಂಡತಿ ಮಕ್ಕಳೊಂದಿಗೆ ಒಂಟೆಗಳನ್ನು ಕಟ್ಟಿದ್ದ ಒಂದು ಬೇಲಿಯ ಹತ್ತಿರ ಹೋಗಿ ನಿಂತು, ಅಲ್ಲಿಂದ ನನಗೆ ಫೋನು ಮಾಡಿ, "ಇವುಗಳಲ್ಲಿ ನಿಮ್ಮ ಮನೆಯವರು ಯಾರು?" ಎಂದು ಹಿಂದಿಯಲ್ಲಿ ಕೇಳಿದ್ದರು. ಗಾಬರಿಯಿಂದ ಪಡುಬಿದ್ರಿಯವರ ನಂಬರು ಹುಡುಕುತ್ತಿರುವಾಗ ಬಾಗಿಲಿನ ಬೆಲ್ ಆಯಿತು. ಹಪ್ಪಳದ ಪೊಟ್ಟಣ ಹಿಡಿದು ಅವರು ನಗುತ್ತಾ ನಿಂತಿದ್ದರು.

"ದಾರಿ ಸಿಕ್ಕಿತಾ?" ಎಂದೆ.

"ಸಿಗದೆ ಎಂತ? ಪಡುಬದಿಗೆ ಅಂದ್ರಲ್ಲ. ಸಮುದ್ರದ ಕಡೆಗೆ ತಿರುಗಿಸಿದೆ."

ಸಮುದ್ರ ಇದ್ದದ್ದು ಪೂರ್ವಕ್ಕೆ. ನಾನು ತಪ್ಪು ಹೇಳಿದ್ದೆ, ಅವರು ತಪ್ಪು ತಿಳಿದಿದ್ದರು, ಆದ್ದರಿಂದ ಅವರು ಸರಿಯಾಗಿ ಬಂದರು.

ಇದು ನಮ್ಮಿಬ್ಬರ ಹುಚ್ಚು ಮಾತ್ರವಲ್ಲ. ಉಡುಪಿ ಮಂಗಳೂರಿನ ಕರಾವಳಿಯಿಂದ ಇಲ್ಲಿಗೆ ಬಂದ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಪಶ್ಚಿಮ ಯಾವುದು ಎಂದು ಕೇಳಿದರೆ ಕೈ ಸಮುದ್ರದ ಕಡೆಗೇ ಏಳುತ್ತದೆ. ನಮ್ಮಲ್ಲಿ ಎಡ ಬಲ ಎಂಬುದು ಶಾಲೆಗೆ ಸೇರಿದ ಮೇಲೆ ಕಲಿಯುವ ಸಂಗತಿ. ಅದಕ್ಕೂ ಮೊದಲು ಇರುವುದು ಪಡು ಮತ್ತು ಮೂಡು. ಊಟಕ್ಕೆ ಕುಳಿತಾಗ ನನ್ನ ದೊಡ್ಡಮ್ಮ, "ಆ ಪಡುಬದಿಯವನಿಗೆ ಇನ್ನೊಂದು ಸೌಟು ಹಾಕು" ಎನ್ನುತ್ತಿದ್ದರು. ತಲೆ ಮೂಡಕ್ಕೆ ಹಾಕಿ, ಕಾಲನ್ನು ಸಮುದ್ರಕ್ಕೆ ಚಾಚಿ ಮಲಗಬೇಕು. ಬೆನ್ನು ತುರಿಸಿದರೂ, "ಇನ್ನು ಸ್ವಲ್ಪ ಪಡುವಿಗೆ, ಹಾಂ, ಅಲ್ಲೇ" ಎನ್ನುವ ಜನ ನಾವು.

ಸಂಜೆ ಮಕ್ಕಳೆಲ್ಲ ಮರಳ ದಂಡೆಯಲ್ಲಿ ಸಾಲಾಗಿ ಕುಳಿತು ಸೂರ್ಯ ಮುಳುಗುವುದನ್ನು ಕಾಯುತ್ತಿದ್ದೆವು. ಅಂದ ನೋಡಲಿಕ್ಕಲ್ಲ, ಸದ್ದು ಕೇಳಲಿಕ್ಕೆ. ಕಮ್ಮಾರ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಚುಂಯ್ ಎನ್ನುತ್ತದಲ್ಲ, ಹಾಗೆ ಅಷ್ಟು ದೊಡ್ಡ ಕೆಂಡ ನೀರಿಗೆ ತಾಗಿದಾಗ ಸದ್ದಾಗಲೇಬೇಕೆಂದು ನಮಗೆ ಯಾರೋ ಹೇಳಿದ್ದರು. ಬಿಂಬದ ಅಂಚು ನೀರಿಗೆ ತಾಗುವ ಹೊತ್ತಿಗೆ ಎಲ್ಲರೂ ಉಸಿರು ಹಿಡಿಯುತ್ತಿದ್ದೆವು. ಆ ಸದ್ದು ನನಗೆ ಕೇಳಿಸಿದೆ. ಈಗಲೂ ಕಿವಿಯಲ್ಲಿ ಇದೆ. ಮೆಲ್ಲಗೆ, ಉದ್ದಕ್ಕೆ, ಸ್ವಲ್ಪ ಉಪ್ಪುಪ್ಪಾಗಿ. ಈ ವಯಸ್ಸಿನಲ್ಲಿ, ಇಂಜಿನಿಯರ್ ಎಂಬ ಬೋರ್ಡಿನ ಹಿಂದೆ ಕೂರುವ ನಾನು, ಅದು ಸಾಧ್ಯವಿಲ್ಲವೆಂದು ಬಲ್ಲೆ. ಆದರೆ ನೆನಪಿಗೆ ಇದನ್ನು ತಿಳಿಸುವ ಬಗೆ ಗೊತ್ತಿಲ್ಲ. ಅದು ನನ್ನ ಮಾತು ಕೇಳುವುದಿಲ್ಲ.

ಇನ್ನೂ ಒಂದು ಮಾತು. ಮರಳ ದಂಡೆಯಲ್ಲಿ ಸಂಜೆ ಸಂಜೆ ಕೂರುತ್ತಿದ್ದೆವು ಎಂದೆನಲ್ಲ, ನಮ್ಮ ಮನೆಯಿಂದ ಸಮುದ್ರಕ್ಕೆ ಸಾಕಷ್ಟು ದೂರವಿತ್ತು, ಮಕ್ಕಳನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಬಹುಶಃ ವರ್ಷಕ್ಕೆ ಕೆಲವು ಸಲ ಹೋಗಿದ್ದೇವು. ನೆನಪು ಅದನ್ನು ಹಿಟ್ಟಿನಂತೆ ಹರಡಿ ದಿನವೂ ಮಾಡಿಬಿಟ್ಟಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವ ಸೂರ್ಯಾಸ್ತದ ಬಗ್ಗೆಯೂ ನೀವು ಎಚ್ಚರದಿಂದ ಇರಬೇಕು.

ದೋಹಾಕ್ಕೆ ಬಂದ ಮೊದಲ ವರ್ಷಗಳಲ್ಲಿ ನಾನು ದೋಹಾ ಅಲ್ ಜದೀದಾದ ಒಂದು ಹಳೆಯ ಕಟ್ಟಡದಲ್ಲಿ ಇದ್ದೆ. ಕೆಳಗೆ ಹಮೀದಾಕನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿ. ಅವರ ವಾಪನ, ಎಂದರೆ ತಂದೆಯ, ಕಾಲದಲ್ಲೇ ಕುಟುಂಬ ಇಲ್ಲಿಗೆ ಬಂದಿತ್ತು. ಅರಬಿ ಭಾಷೆಯಲ್ಲಿ ಚೌಕಾಸಿ, ಮಲಯಾಳದಲ್ಲಿ ಸಾಲ, ತುಳುವಿನಲ್ಲಿ ಬೈಗುಳ ಎಂದು ಭಾಷೆಗಳನ್ನು ಕೆಲಸಕ್ಕೆ ತಕ್ಕಂತೆ ಹಂಚಿಕೊಂಡಿದ್ದರು. ಮೇಲೆ ನನ್ನ ಕೋಣೆಯಲ್ಲಿ ಇದ್ದವರು ಹೆಜಮಾಡಿಯ ಸದಾನಂದಣ್ಣ, ಒಂದು ಕಂಪನಿಯ ಸ್ಟೋರ್ ಕೀಪರ್. ನನಗಿಂತ ಹಿರಿಯರು. ಯಾವ ವಿಷಯದಲ್ಲೂ ಸೋಲನ್ನು ಒಪ್ಪಿದವರಲ್ಲ.

ಶುಕ್ರವಾರ ರಜೆ. ಹಿಂದಿನ ರಾತ್ರಿಯ ನಿದ್ದೆಯನ್ನು ಮಧ್ಯಾಹ್ನದವರೆಗೆ ಎಳೆದು, ಮೀನು ಸಾರು ಉಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಾವು ಮೂವರೂ ಹಮೀದಾಕನ ಪಿಕಪ್ಪಿನಲ್ಲಿ ಕಾರ್ನಿಶ್‌ಗೆ ಹೋಗುತ್ತಿದ್ದೆವು.

ಕಾರ್ನಿಶ್ ಎಂದರೆ ಕೊಲ್ಲಿಯ ನೀರನ್ನು ತೋಳಿನಿಂದ ಬಳಸಿದ ಹಾಗೆ ಬಾಗಿ ಹೋಗುವ ದಾರಿ. ನಡೆಯುವವರು, ಓಡುವವರು, ಸೈಕಲ್ಲಿನವರು ಎಲ್ಲರಿಗೂ ಅದೇ. ದಾರಿ ಒಂದು ಕಡೆ ಸ್ವಲ್ಪ ಉಬ್ಬಿ ಅರ್ಧಚಂದ್ರದ ಹಾಗೆ ನೀರಿನೊಳಕ್ಕೆ ಚಾಚುತ್ತದೆ. ಅಲ್ಲಿ ಕಲ್ಲಿನ ಬೆಂಚು, ಕೆಲವು ಖರ್ಜೂರದ ಮರ, ಕುಡಿಯುವ ನೀರಿನ ನಲ್ಲಿ, ನೀರಿಗಿಳಿಯುವ ಪಾಚಿ ಹಿಡಿದ ಮೆಟ್ಟಿಲು. ಸೈಕಲ್ಲಿನವರು ಅಲ್ಲಿ ಒಂದು ಕಾಲು ಊರಿ ನಿಂತು ನೀರು ಕುಡಿಯುತ್ತಾರೆ. ಫಿಲಿಪ್ಪೀನಿನ ನರ್ಸುಗಳು ಒಬ್ಬರ ಫೋಟೋ ಒಬ್ಬರು ತೆಗೆಯುತ್ತಾರೆ. ಬುರ್ಖಾ ಹಾಕಿದ ಅಜ್ಜಿಯೊಬ್ಬಳು ಬಿಳಿ ಕ್ಯಾನ್ವಾಸ್ ಬೂಟಿನಲ್ಲಿ ದಡದಡ ನಡೆದು ಬಂದು, ಬೆಂಚನ್ನು ಕೈಯಿಂದ ಮುಟ್ಟಿ, ಹಾಗೇ ಹಿಂತಿರುಗಿ ಹೋಗುತ್ತಾಳೆ. ಅದು ಎಲ್ಲರೂ ಸ್ವಲ್ಪ ನಿಲ್ಲುವ ಜಾಗ. ನಾವು ಮಾತ್ರ ಅಲ್ಲೇ ಬೇರು ಬಿಡುತ್ತಿದ್ದೆವು. ಎದುರಿಗೆ ನೀರು, ನೀರಿನಾಚೆ ವೆಸ್ಟ್ ಬೇ ಎಂಬ ಬಡಾವಣೆಯಲ್ಲಿ ಎದ್ದು ನಿಲ್ಲುತ್ತಿದ್ದ ಗಾಜಿನ ಕಟ್ಟಡಗಳು, ಅವುಗಳ ತಲೆಯ ಮೇಲೆ ಕ್ರೇನುಗಳು.

ಅಲ್ಲಿ ಕುಳಿತು ಸಂಜೆಯ ಹೊತ್ತಿಗೆ ನಾನು ಊರಿಗೆ, ವಾರಿಜಾಳಿಗೆ ಫೋನು ಮಾಡುತ್ತಿದ್ದೆ. ವಾರಿಜಾ ನನ್ನ ಹೆಂಡತಿ. ಮೂಲ್ಕಿಯ ಹತ್ತಿರ ಸರಕಾರಿ ಹೈಸ್ಕೂಲಿನಲ್ಲಿ ಟೀಚರ್. ಮದುವೆಯಾದ ಮೇಲೆ ನಾವು ಒಟ್ಟಿಗೆ ಇದ್ದದ್ದು ನನ್ನ ರಜೆಗಳಲ್ಲಿ ಮಾತ್ರ.

"ಈಗ ಮುಳುಗ್ತಾ ಉಂಟು," ಎನ್ನುತ್ತಿದ್ದೆ ನಾನು. "ಅರ್ಧ ಒಳಗೆ ಹೋಯ್ತು. ನೀರೆಲ್ಲ ಕೆಂಪು. ಥೇಟ್ ನಮ್ಮ ಕಡಲಿನ ಹಾಗೆ."

"ಇಲ್ಲಿ ಮುಳುಗಿ ಎಷ್ಟೋ ಹೊತ್ತಾಯ್ತು," ಎನ್ನುತ್ತಿದ್ದಳು ಅವಳು. "ನಾನು ಊಟಕ್ಕೆ ಕೂತಿದ್ದೇನೆ."

ನಾನು ಸುಳ್ಳು ಹೇಳುತ್ತಿರಲಿಲ್ಲ. ನೋಡಿದ್ದನ್ನೇ ಹೇಳುತ್ತಿದ್ದೆ. ಕೆಂಪು ಬಿಂಬ ಮೆಲ್ಲಗೆ ಜಾರಿ, ನೀರಿನ ಅಂಚಿಗೆ ತಾಗಿ, ಅಲ್ಲಾಡಿ, ಒಳಗೆ ಹೋಗುವುದನ್ನು ನಾನು ಆ ಬೆಂಚಿನ ಮೇಲಿಂದ ನೋಡಿದ್ದೇನೆ. ಸದಾನಂದಣ್ಣನೂ ನೋಡಿದ್ದಾರೆ. ಹಮೀದಾಕನೂ ನೋಡಿದ್ದಾರೆ. ಅಥವಾ ಹಾಗೆಂದು ಮೂವರೂ ಆಣೆ ಮಾಡಲು ತಯಾರಿದ್ದೆವು.

ಒಂದು ಏಪ್ರಿಲಿನಲ್ಲಿ ವಾರಿಜಾ ವಿಸಿಟ್ ವೀಸಾದ ಮೇಲೆ ಬಂದಳು. ಬೇಸಗೆ ರಜೆ ಮುಗಿಯುವ ತನಕ ಇರುವುದೆಂದು ಲೆಕ್ಕ. ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಅವಳು ಸಂಬಳವಿಲ್ಲದ ದೀರ್ಘ ರಜೆ ಹಾಕಿ ಇಲ್ಲೇ ಉಳಿಯಬೇಕು, ಫ್ಯಾಮಿಲಿ ವೀಸಾ ಮಾಡಿಸಬೇಕು, ಸದಾನಂದಣ್ಣನ ಗೊರಕೆಯಿಂದ ನನಗೆ ಬಿಡುಗಡೆ ಸಿಗಬೇಕು. ಇದನ್ನು ಮೊದಲ ವಾರವೇ ಅವಳಿಗೆ ಹೇಳಿಬಿಟ್ಟೆ.

ಅವಳು ಇಲ್ಲವೆನ್ನಲಿಲ್ಲ. "ನೋಡುವ," ಎಂದಳು. "ಹೆಡ್ ಮೇಡಮ್‌ಗೆ ಮೇ ಮೊದಲ ವಾರದೊಳಗೆ ಒಂದು ಮಾತು ಹೇಳ್ಬೇಕು. ಅಷ್ಟರೊಳಗೆ ನೋಡುವ. ಕಷ್ಟಪಟ್ಟು ಸಿಕ್ಕಿದ ಕೆಲಸ ಅದು."

"ನೋಡುವ" ಎಂದರೆ ತೋರಿಸು ಎಂದು ಅರ್ಥಮಾಡಿಕೊಂಡೆ. ತೋರಿಸಲು ಹೊರಟೆ. ಹಮೀದಾಕ ತಮ್ಮ ಅಂಗಡಿಯ ಮೇಲಿನ ಒಂದು ಕೋಣೆಯನ್ನು ನಮಗೆ ಬಿಡಿಸಿಕೊಟ್ಟಿದ್ದರು. ಅಲ್ಲಿಂದ ದಿನವೂ ದಂಡಯಾತ್ರೆ. ಊರಿನ ಕುಚ್ಚಲಕ್ಕಿ ಸಿಗುವ ಅಂಗಡಿ ತೋರಿಸಿದೆ. ಬಂಗುಡೆ ಸಿಗುವ ಮಾರುಕಟ್ಟೆ ತೋರಿಸಿದೆ. ಕೋರಿರೊಟ್ಟಿ ಮಾಡುವ ಹೋಟೆಲು, ಸುರತ್ಕಲ್ಲಿನ ಮೂವರು ಗೃಹಿಣಿಯರು, ಮಲ್ಲಿಗೆಯ ಗಿಡವನ್ನು ಬಾತ್‌ರೂಮಿನ ಪಕ್ಕ ಕುಂಡದಲ್ಲಿ ಬೆಳೆಸಿದ ಕಟಪಾಡಿಯ ದಂಪತಿ, ನಮ್ಮವರ ಸಂಘದ ಸಭಾಂಗಣದಲ್ಲಿ ನಡೆದ ಅರ್ಧ ಯಕ್ಷಗಾನ. ಅರ್ಧ ಏಕೆಂದರೆ ಮರುದಿನ ಎಲ್ಲರಿಗೂ ಡ್ಯೂಟಿ. ವಾರಿಜಾ ಎಲ್ಲವನ್ನೂ ನೋಡಿದಳು, ಎಲ್ಲರ ಹತ್ತಿರವೂ ನಗುತ್ತಾ ಮಾತಾಡಿದಳು. ಮನೆಗೆ ಬಂದ ಮೇಲೆ ಕಿಟಕಿಯ ಹತ್ತಿರ ಕುಳಿತು ಕೆಳಗಿನ ರಸ್ತೆಯನ್ನು ನೋಡುತ್ತಿದ್ದಳು. ಏನು ಕಾಣಿಸುತ್ತದೆ ಎಂದು ಕೇಳಿದರೆ, "ಎಂತ ಇಲ್ಲ, ಜನ," ಎನ್ನುತ್ತಿದ್ದಳು.

ನನಗೆ ಭಯವಿರಲಿಲ್ಲ. ತುರುಫು ಎಲೆಯನ್ನು ನಾನಿನ್ನೂ ಇಳಿಸಿರಲಿಲ್ಲ. ಅವಳು ಬಂದ ದಿನದಿಂದ ಗಾಳಿಯಲ್ಲಿ ಮರಳ ಧೂಳು ತುಂಬಿ ಆಕಾಶ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ಧೂಳು ಇಳಿಯಲೆಂದು ಕಾಯುತ್ತಿದ್ದೆ. ಹೆಡ್ ಮೇಡಮ್‌ಗೆ ಹೇಳಬೇಕಾದ ವಾರದ ಹಿಂದಿನ ಗುರುವಾರ ಗಾಳಿ ತಿಳಿಯಾಯಿತು. ಕೆಲಸದಿಂದ ಬೇಗ ಬಂದು, "ಹೊರಡು, ಸೂರ್ಯ ಮುಳುಗುವುದನ್ನು ನೋಡುವ," ಎಂದೆ. ಹಮೀದಾಕ ಪಿಕಪ್ ತೆಗೆದರು. ಸದಾನಂದಣ್ಣ ಚಹಾದ ಫ್ಲಾಸ್ಕಿನೊಂದಿಗೆ ಹಿಂದೆ ಹತ್ತಿದರು. ಮದುವೆಯ ದಿಬ್ಬಣದ ಹಾಗೆ ಹೋದೆವು.

ಬೆಂಚು ಖಾಲಿ ಇತ್ತು. ವಾರಿಜಾಳನ್ನು ಮಧ್ಯದಲ್ಲಿ ಕೂರಿಸಿದೆವು. ನೀರು ಹಸಿರು ಬಿಟ್ಟು ಬೂದಿಗೆ ತಿರುಗುತ್ತಿತ್ತು. ಸೈಕಲ್ಲುಗಳು ಒಂದೊಂದಾಗಿ ಹಿಂದಿನಿಂದ ಸರಿದು ಹೋದವು. ನಾವು ನಾಲ್ಕು ಜನ ಸಮುದ್ರವನ್ನು ದಿಟ್ಟಿಸಿ ಕುಳಿತೆವು, ನಾಟಕದ ಪರದೆ ಏಳುವುದಕ್ಕೆ ಕಾದವರ ಹಾಗೆ. ಸಮುದ್ರದ ಮೇಲೆ ಏನೂ ಇರಲಿಲ್ಲ. ಕಪ್ಪಾಗುತ್ತಿದ್ದ ಆಕಾಶ, ಒಂದು ಮರದ ದೋಣಿ.

"ಸೂರ್ಯ ಎಲ್ಲಿ?" ಎಂದಳು ವಾರಿಜಾ.

"ಬರ್ತದೆ," ಎಂದರು ಸದಾನಂದಣ್ಣ. ಸೂರ್ಯ ಬಸ್ಸೋ ಎಂಬಂತೆ.

ಅಷ್ಟರಲ್ಲಿ ರಸ್ತೆಯ ಆಚೆಯ ಮಸೀದಿಯಿಂದ ಬಾಂಗ್ ಕೇಳಿಸಿತು. ಹಮೀದಾಕ ಎದ್ದು ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಬೆಂಚಿನ ಹಿಂದಿನ ಹುಲ್ಲಿನ ಮೇಲೆ ಚಿಕ್ಕ ಚಾಪೆ ಹಾಸಿ ಮಗ್ರಿಬ್ ನಮಾಜಿಗೆ ನಿಂತರು. ಸೂರ್ಯ ಮುಳುಗಿದ ಕೂಡಲೇ ಮಾಡುವ ಸಂಜೆಯ ನಮಾಜು ಅದು. ವಾರಿಜಾ ತಿರುಗಿ ನೋಡಿದಳು. ಹಮೀದಾಕನ ಬೆನ್ನು ನಮ್ಮ ಕಡೆಗಿತ್ತು, ಸಮುದ್ರದ ಕಡೆಗೆ. ಅವರ ಮುಖದೆದುರು ಊರು, ಊರಿನ ಮನೆಗಳ ಹಿಂದೆ ಇಡೀ ಆಕಾಶ ಕಿತ್ತಳೆಯಾಗಿ ಉರಿಯುತ್ತಿತ್ತು.

ಅವಳು ನನ್ನ ಕಿವಿಯ ಹತ್ತಿರ ಕೇಳಿದಳು. "ಮಕ್ಕಾ ಇಲ್ಲಿಂದ ಪಶ್ಚಿಮಕ್ಕೆ ಅಲ್ವಾ?"

"ಹೌದು."

"ಊರಲ್ಲಿ ಉಳ್ಳಾಲದ ದಂಡೆಯಲ್ಲಿ ನಮಾಜು ಮಾಡುವವರು ಸಮುದ್ರಕ್ಕೆ ಮುಖ ಮಾಡ್ತಾರೆ. ಹಮೀದಾಕ ಬೆನ್ನು ಮಾಡಿದ್ರು."

ನಾನು ಹಿಂದೆ ನೋಡಿದೆ, ಮುಂದೆ ನೋಡಿದೆ. ತಲೆಯೊಳಗೆ ಯಾವುದೋ ಭಾರವಾದ ಪೀಠೋಪಕರಣವನ್ನು ಎಳೆದಂತಾಯಿತು. ಸಮುದ್ರವಿದ್ದದ್ದು ಪೂರ್ವಕ್ಕೆ. ಇಷ್ಟು ಕಾಲವೂ ಪೂರ್ವಕ್ಕೇ ಇತ್ತು. ನಕ್ಷೆಯಲ್ಲಿ ನಾನದನ್ನು ನೋಡಿದ್ದೆ, ಸೈಟಿನ ಕಾಗದಗಳಲ್ಲಿ ಉತ್ತರ ದಿಕ್ಕಿನ ಬಾಣ ಹಾಕುವುದೇ ನನ್ನ ಕೆಲಸ. ಆದರೆ ಆ ಬಾಣ ಕಾಗದದಲ್ಲೇ ಉಳಿದಿತ್ತು, ದೇಹಕ್ಕೆ ಇಳಿದಿರಲಿಲ್ಲ.

"ಇವತ್ತು ಎಂತದೋ ಆಗಿದೆ," ಎಂದರು ಸದಾನಂದಣ್ಣ ಗಂಭೀರವಾಗಿ.

"ಇವತ್ತು ಮಾತ್ರವಾ?" ಎಂದಳು ವಾರಿಜಾ.

"ಅದರ ಹೆಸರೇ ವೆಸ್ಟ್ ಬೇ ಮಾರಾಯ್ತಿ! ಅಷ್ಟು ದೊಡ್ಡ ಬೋರ್ಡ್ ಹಾಕಿದ್ದಾರೆ. ಗವರ್ಮೆಂಟ್ ಸುಳ್ಳು ಹೇಳ್ತದಾ?"

"ಕೊಲ್ಲಿಗೆ ಪಶ್ಚಿಮ ಇರಬಹುದು ಸದಾನಂದಣ್ಣ, ಕೊಲ್ಲಿಯೇ ಪೂರ್ವಕ್ಕೆ ಉಂಟಲ್ಲ."

"ನೀವು ಟೀಚರುಗಳ ಹತ್ರ ಮಾತಾಡ್ಲಿಕ್ಕೆ ಆಗುದಿಲ್ಲ. ಖಲಾಸ್."

ನಮಾಜು ಮುಗಿಸಿ ಬಂದ ಹಮೀದಾಕನಿಗೆ ವಿಷಯ ತಿಳಿಸಿದೆವು. ಅವರು ಚಾಪೆ ಮಡಚುತ್ತಿದ್ದವರು ಹಾಗೇ ನಿಂತರು. ಸಮುದ್ರ ನೋಡಿದರು, ಚಾಪೆ ಹಾಸಿದ್ದ ಜಾಗ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ದಿನಕ್ಕೆ ಐದು ಸಲ ನಿಲ್ಲುವವ ನಾನು! ವಾಪ ಕಲಿಸಿದ ಕಡೆಗೆ ಸರಿಯಾಗಿಯೇ ನಿಲ್ತೇನೆ. ಮುಗಿಸಿ ಬಂದು ಈ ಬೆಂಚಲ್ಲಿ ಕೂತ ಕೂಡಲೇ ಸಮುದ್ರವೇ ಪಡು. ನಮಾಜಿಗೆ ಒಂದು ಪಶ್ಚಿಮ, ಮೀನಿಗೆ ಒಂದು ಪಶ್ಚಿಮ. ಎರಡೂ ಒಂದೇ ತಲೆಯೊಳಗೆ ಇತ್ತು ನೋಡಿ, ಒಂದು ದಿನವೂ ಜಗಳ ಆಗ್ಲಿಲ್ಲ."

"ಹಾಗಾದರೆ ನಾವು ನೋಡಿದ್ದು ಎಂತದು?" ಎಂದೆ ನಾನು. ನನ್ನ ದನಿ ಸ್ವಲ್ಪ ಏರಿತ್ತು. "ನಾನು ನೋಡಿದ್ದೇನೆ. ನೀರಿಗೆ ತಾಗುವುದನ್ನು ನೋಡಿದ್ದೇನೆ."

ವಾರಿಜಾ ನೀರಿನಾಚೆ ಕೈ ತೋರಿಸಿದಳು. ಎತ್ತರದ ಒಂದು ಕಟ್ಟಡದ ಗಾಜಿನಲ್ಲಿ ನಮ್ಮ ಹಿಂದಿನ ಆಕಾಶದ ಕೊನೆಯ ಬೆಳಕು ಉಳಿದಿತ್ತು. ದುಂಡಗೆ, ಕೆಂಪಗೆ, ಕೆಳಗಿನ ಮಹಡಿಯ ಕಿಟಕಿಗಳಲ್ಲಿ ಅದು ಮೆಲ್ಲಗೆ ಜಾರುತ್ತಿತ್ತು. ಕಟ್ಟಡದ ಬುಡ ಬಂತು. ಬುಡದ ಕೆಳಗೆ ನೀರು. ಕೆಂಪು ನೀರಿಗೆ ತಾಗಿತು, ಅಲ್ಲಾಡಿತು, ಇಲ್ಲವಾಯಿತು. ನಾನು ಫೋನಿನಲ್ಲಿ ಹೇಳುತ್ತಿದ್ದದ್ದು ಅಕ್ಷರ ಅಕ್ಷರ ಹಾಗೆಯೇ ನಡೆಯಿತು.

"ಅಗೋ," ಎಂದಳು ಅವಳು. "ನಿಮ್ಮ ಸೂರ್ಯ."

ಸದಾನಂದಣ್ಣ ಚಹಾ ಬಗ್ಗಿಸಿಕೊಟ್ಟರು. ಅದು ತಣ್ಣಗಾಗಿತ್ತು, ಅಥವಾ ಬಿಸಿ ಇತ್ತು. ನನಗೆ ಎರಡೂ ನೆನಪಿದೆ. ಕಾರ್ನಿಶ್‌ನ ಆ ಇನ್ನೊಂದು ತುದಿಗೆ ಹೋಗಿ ನಿಂತರೆ ಸೂರ್ಯನಿಗೂ ನಮಗೂ ನಡುವೆ ನೀರು ಬರುತ್ತದೆ, ಆದ್ದರಿಂದ ತಾನು ಹೇಳಿದ್ದೇ ಸರಿ ಎಂದು ಸದಾನಂದಣ್ಣ ಇಂದಿಗೂ ವಾದಿಸುತ್ತಾರೆ. ಹೋಗಿ ನೋಡಿದೆ. ಬೇಸಗೆಯಲ್ಲಿ ಅದೂ ಸುಳ್ಳಲ್ಲ. ಬಾಗಿದ ದಡದ ಮೇಲೆ ಯಾವ ಮಾತನ್ನೂ ಪೂರ್ತಿ ಸುಳ್ಳೆಂದು ಸಾಧಿಸುವುದು ಕಷ್ಟ.

ಮರಳುವಾಗ ವಾರಿಜಾ, "ಹಾಗಾದ್ರೆ ಇಲ್ಲಿ ಬೆಳಿಗ್ಗೆ ಬರ್ಬೇಕು," ಎಂದಳು. ಅಷ್ಟೇ.

ಮರುದಿನ ಶುಕ್ರವಾರ. ಬೆಳಕು ಹರಿಯುವ ಮುಂಚೆ ನಾವಿಬ್ಬರೇ ಟ್ಯಾಕ್ಸಿ ಹಿಡಿದು ಹೋದೆವು. ಹಗಲಿನ ಸೆಖೆ ಇನ್ನೂ ಎದ್ದಿರಲಿಲ್ಲ. ಹುಲ್ಲಿಗೆ ಬಿಟ್ಟ ನೀರಿನ ವಾಸನೆ ಗಾಳಿಯಲ್ಲಿತ್ತು. ದಾರಿಯ ಮೇಲೆ ಯಾರೂ ಇಲ್ಲ. ಬೆಂಚಿನ ಮೇಲೆ ತೆಳ್ಳಗೆ ಮರಳು ಕುಳಿತಿತ್ತು, ಅವಳು ಸೆರಗಿನಿಂದ ಒರೆಸಿದಳು. ಸಮುದ್ರ ಹಾಲಿನ ಪಾತ್ರೆಯ ಕೆನೆಯ ಹಾಗೆ ಅಲುಗದೆ ಇತ್ತು.

ಆಮೇಲೆ ನೀರಿನ ಅಂಚು ಒಡೆದು ಸೂರ್ಯ ಮೇಲೆ ಬಂದ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಾವಿಬ್ಬರೂ ಸಮುದ್ರದಿಂದ ಸೂರ್ಯ ಏಳುವುದನ್ನು ಎಂದೂ ನೋಡಿರಲಿಲ್ಲ. ನಮ್ಮಲ್ಲಿ ಅವನು ತೆಂಗಿನ ಮರಗಳ ಹಿಂದಿನಿಂದ, ಘಟ್ಟದ ಕಡೆಯಿಂದ, ಆಗಲೇ ಮುಖ ತೊಳೆದು ಬರುತ್ತಾನೆ. ಇಲ್ಲಿ ಒದ್ದೆಯಾಗಿಯೇ ಎದ್ದ. ಎಲ್ಲವೂ ಹಿಂದುಮುಂದಾಗಿ ನಡೆಯುವ ಕನಸಿನಲ್ಲಿ ಕುಳಿತಂತೆ, ಯಾರೋ ನಮ್ಮ ಬಾಲ್ಯದ ಸಂಜೆಗಳನ್ನೆಲ್ಲ ಕೊನೆಯಿಂದ ಮೊದಲಿಗೆ ಬಿಚ್ಚುತ್ತಿರುವಂತೆ ಅನಿಸಿತು. ನಾನು ಖುಷಿಯಿಂದ ಅವಳ ಕಡೆ ತಿರುಗಿದೆ. ಸಂಜೆ ಸೋತ ಆಟವನ್ನು ಬೆಳಿಗ್ಗೆ ಗೆದ್ದೆನೆಂದು ನನಗನಿಸಿತ್ತು.

"ನಾನು ಜೂನಿಗೆ ಶಾಲೆಗೆ ಹೋಗ್ತೇನೆ," ಎಂದಳು ಅವಳು, ಸೂರ್ಯನನ್ನೇ ನೋಡುತ್ತಾ.

"ಯಾಕೆ? ನಿನ್ನೆಯದಕ್ಕಾ? ಸೂರ್ಯ ಆ ಕಡೆ ಮುಳುಗಿದರೆ ನಾನು ಎಂತ ಮಾಡ್ಲಿ?"

"ಛೆ, ಸೂರ್ಯನಿಗೂ ಇದಕ್ಕೂ ಎಂತ ಸಂಬಂಧ?" ಅವಳಿಗೆ ನಗು ಬಂತು. ಆಮೇಲೆ ನಗು ಹೋಯಿತು. "ನೀವು ನನಗೆ ಬೇಕಾದಷ್ಟು ತೋರಿಸಿದ್ರಿ. ಕುಚ್ಚಲಕ್ಕಿ ತೋರಿಸಿದ್ರಿ, ಬಂಗುಡೆ ತೋರಿಸಿದ್ರಿ, ಕಟಪಾಡಿಯವರ ಮಲ್ಲಿಗೆ ತೋರಿಸಿದ್ರಿ. ನಮ್ಮ ಕಡಲಿನ ಹಾಗಿನ ಸೂರ್ಯ ತೋರಿಸ್ಲಿಕ್ಕೆ ಕರ್ಕೊಂಡು ಬಂದ್ರಿ. ಎಲ್ಲ ಅಲ್ಲಿಯದ್ದೇ. ಅಲ್ಲಿಯದ್ದು ನೋಡ್ಲಿಕ್ಕೆ ನಾನು ಅಲ್ಲೇ ಇದ್ರೆ ಸಾಕಲ್ವಾ? ಕೆಲಸವೂ ಇರ್ತದೆ."

ಬೆಂಚಿನ ಮೇಲೆ ಉಳಿದಿದ್ದ ಮರಳನ್ನು ನಾನು ಉಗುರಿನಿಂದ ಕೆರೆದೆ.

"ಇಲ್ಲಿಯದ್ದು ಅಂತ ನಿಮ್ಮ ಹತ್ರ ಒಂದಾದ್ರೂ ಉಂಟಾ? ಒಂದು ಸಾಕು. ನಾನು ಬಿಟ್ಟು ಬರ್ಲಿಕ್ಕೆ ನಂಗೆ ಒಂದು ಬೇಕು."

ಆ ಹೊತ್ತಿಗೆ ನಮ್ಮೆದುರು ಸಮುದ್ರದಿಂದ ಪೂರ್ತಿ ಎದ್ದ ಸೂರ್ಯನಿದ್ದ. ಅವನನ್ನೇ ತೋರಿಸಬಹುದಿತ್ತು. ಆದರೆ ಅವನನ್ನು ಕಂಡುಹಿಡಿದವಳು ಅವಳು, ನಾನಲ್ಲ. ಅವಳು ಬಾರದಿದ್ದರೆ ನಾನು ಶುಕ್ರವಾರ ಮಧ್ಯಾಹ್ನದವರೆಗೆ ಮಲಗಿರುತ್ತಿದ್ದೆ. ಬೆಂಚನ್ನು ಮುಟ್ಟಿ ಹಿಂತಿರುಗುವ ಅಜ್ಜಿ ಬಂದಳು, ಮುಟ್ಟಿದಳು, ನಮ್ಮಿಬ್ಬರನ್ನೂ ನೋಡಿ ಏನೋ ಅರಬಿಯಲ್ಲಿ ಹರಸಿದಂತೆ ಹೇಳಿ ಹೋದಳು. ಅರ್ಥವಾಗಲಿಲ್ಲ. ಅಷ್ಟು ವರ್ಷಗಳಲ್ಲಿ ನಡಿ ಎನ್ನುವ ಯಲ್ಲಾ, ಮುಗಿಯಿತು ಎನ್ನುವ ಖಲಾಸ್, ಇಲ್ಲ ಎನ್ನುವ ಮಾಫಿ ಬಿಟ್ಟರೆ ನಾನು ಇನ್ನೇನೂ ಕಲಿತಿರಲಿಲ್ಲ.

"ಸಿಕ್ಕಿದ ದಿನ ಹೇಳಿ," ಎಂದಳು ವಾರಿಜಾ, ಏಳುತ್ತಾ. "ಬರ್ತೇನೆ."

ಈಗ ಅವಳನ್ನು ಕೇಳಿದರೆ, ತಾನು ಇಷ್ಟೆಲ್ಲ ಹೇಳಿಯೇ ಇಲ್ಲ, ಹಸಿವಾಗ್ತಿದೆ ಹೋಗುವ ಎಂದಷ್ಟೇ ಹೇಳಿದ್ದು, ಉಳಿದದ್ದನ್ನು ನಾನು ಆಮೇಲೆ ಸೇರಿಸಿಕೊಂಡದ್ದು ಎನ್ನುತ್ತಾಳೆ. ಇರಬಹುದು. ಆದರೆ ಮೇ ತಿಂಗಳ ಕೊನೆಯಲ್ಲಿ ಅವಳು ವಿಮಾನ ಹತ್ತಿದ್ದು ನಿಜ. ನಾನು ಸದಾನಂದಣ್ಣನ ಗೊರಕೆಗೆ ಮರಳಿದ್ದೂ ನಿಜ.

ಆ ಬೇಸಗೆ ನನಗೆ ಉದ್ದವಾಗಿತ್ತು. ಶುಕ್ರವಾರಗಳಲ್ಲಿ ಬೇಗ ಎದ್ದು ಕಾರ್ನಿಶ್‌ಗೆ ಹೋಗತೊಡಗಿದೆ. ಒಂದು ಹಳೆಯ ಸೈಕಲ್ಲು ಕೊಂಡೆ. ಬೀಳದೆ ತುಳಿಯಲು ಕೆಲವು ವಾರ ಬೇಕಾದವು. ಏನೋ ಒಂದು ಬೇಕಿತ್ತು, ಹುಡುಕಿದರೆ ಸಿಗುತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಏನಾದರೊಂದರ ಹಾಗೆ ಇರುತ್ತಿತ್ತು. ದೋಣಿ ಕಂಡರೆ ಮಲ್ಪೆಯ ಹಾಗೆ, ಉಪ್ಪಿನ ವಾಸನೆ ಬಂದರೆ ದೊಡ್ಡಮ್ಮನ ಒಣಮೀನಿನ ಹಾಗೆ. ಕಣ್ಣಿಗೆ ಬಿದ್ದದ್ದನ್ನು ಕಣ್ಣು ಮುಟ್ಟುವ ಮೊದಲೇ ನೆನಪು ಬಾಯಿ ಹಾಕಿ ತಿಂದುಬಿಡುತ್ತಿತ್ತು. ವಾರಿಜಾ ಫೋನಿನಲ್ಲಿ ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ. ಶಾಲೆಯ ಸುದ್ದಿ, ಅಡುಗೆಯ ಸುದ್ದಿ ಮಾತಾಡಿ ಇಡುತ್ತಿದ್ದೆವು.

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋದಾಗ ಕಾರ್ನಿಶ್ ಇರಲಿಲ್ಲ. ಮಂಜು. ಮರಳುಗಾಡು ರಾತ್ರಿಯೆಲ್ಲ ಉಸಿರಾಡಿ ಸಮುದ್ರದ ಮೇಲೆ ಮಲಗಿಬಿಟ್ಟ ಹಾಗಿತ್ತು. ಬೆಂಚನ್ನು ಕೈಯಿಂದ ತಡವಿ ಹುಡುಕಿದೆ. ಕುಳಿತೆ. ಗಾಜಿನ ಕಟ್ಟಡಗಳಿಲ್ಲ, ಕ್ರೇನುಗಳಿಲ್ಲ, ಊರಿಲ್ಲ, ನೀರೂ ಇಲ್ಲ. ಬಿಳಿ ಮಾತ್ರ. ಅದು ಹತ್ತಿರವಾಗಿ, ದೂರವಾಗಿ, ಮುಖದ ಮೇಲೆ ಹನಿಹನಿಯಾಗಿ ಕೂರುತ್ತಿತ್ತು. ಎಲ್ಲೋ ಹೆಜ್ಜೆಯ ಸದ್ದು ಬಂದು, ಕಾಣದೆಯೇ "ಸಬಾಹ್ ಅಲ್ ಖೈರ್" ಎಂದು ಶುಭ ಹೇಳಿ ಕರಗಿತು. ನಾನೂ ಅದನ್ನೇ ತಿರುಗಿ ಹೇಳಿದೆ, ಯಾರಿಗೆಂದು ತಿಳಿಯದೆ. ಸೂರ್ಯ ಎದ್ದಿದ್ದನೋ, ಎದ್ದರೆ ಎಲ್ಲಿ, ಹೇಳಲು ಬರುತ್ತಿರಲಿಲ್ಲ. ಪೂರ್ವವೂ ಪಶ್ಚಿಮವೂ ಒಂದೇ ಬಿಳಿಯಲ್ಲಿ ನೆನೆದು ಹೋಗಿದ್ದವು. ಕೈ ಎತ್ತಿ ಸಮುದ್ರದ ಕಡೆ ತೋರಿಸಲು ನೋಡಿದೆ. ಯಾವ ಕಡೆಗೂ ಏಳದೆ ಮಡಿಲಲ್ಲೇ ಉಳಿಯಿತು.

ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆಯಿತು, ಇದು ಯಾವುದರ ಹಾಗೂ ಇರಲಿಲ್ಲ.

ಮೊಬೈಲು ತೆಗೆದು ವಾರಿಜಾಳಿಗೆ ಮಾಡಿದೆ. ಅಲ್ಲಿ ಆಗಲೇ ಶಾಲೆಯ ಹೊತ್ತು. ಸ್ಟಾಫ್ ರೂಮಿನ ಗದ್ದಲದ ನಡುವೆ ಅವಳ ದನಿ ಗಾಬರಿಯಿಂದ ಬಂತು. "ಎಂತ ಆಯ್ತು? ಇಷ್ಟು ಬೆಳಿಗ್ಗೆ?"

"ಎಂತ ಇಲ್ಲ. ಕಾರ್ನಿಶ್‌ನಲ್ಲಿ ಇದ್ದೇನೆ. ಇಲ್ಲಿ ಏನೂ ಕಾಣ್ತಾ ಇಲ್ಲ."

"ಏನೂ ಕಾಣ್ತಾ ಇಲ್ಲ ಅಂದ್ರೆ? ಕಣ್ಣಿಗೆ ಎಂತದಾದ್ರೂ ಆಯ್ತಾ?"

"ಮಂಜು. ನನ್ನ ಕೈ ನನಗೆ ಕಾಣ್ತಾ ಇಲ್ಲ. ಸಮುದ್ರ ಯಾವ ಕಡೆ ಅಂತ ಗೊತ್ತಾಗ್ತಾ ಇಲ್ಲ. ನಮ್ಮಲ್ಲಿ ಇಂಥದ್ದು ಇಲ್ಲ ವಾರಿಜಾ. ನಾನು ಇಂಥದ್ದು ಎಲ್ಲೂ ನೋಡ್ಲಿಲ್ಲ."

ಅವಳ ಹಿಂದೆ ಮಕ್ಕಳು ಕೂಗುವುದು ಕೇಳಿಸಿತು, ಯಾರೋ ಅವರನ್ನು ಗದರಿದರು. ಬಾಗಿಲು ಮುಚ್ಚಿದ ಸದ್ದಾಯಿತು. ಅವಳು ಹೊರಗೆ ಬಂದಿರಬೇಕು, ಗದ್ದಲ ಕಡಿಮೆಯಾಯಿತು.

"ತಣ್ಣಗೆ ಉಂಟಾ?" ಎಂದಳು.

"ತಣ್ಣಗೆ ಉಂಟು. ಮುಖವೆಲ್ಲ ಒದ್ದೆ."

"ವಾಸನೆ?"

ನಾನು ಮೂಗು ಎಳೆದು ನೋಡಿದೆ. "ಇಲ್ಲ. ಅಲ್ಲ, ಉಂಟು. ಎಂತದ್ದು ಅಂತ ಹೇಳ್ಲಿಕ್ಕೆ ಬರುದಿಲ್ಲ."

"ಎಂತದರದ್ದೋ ಹಾಗೆ ಅಂತ ಹೇಳ್ಬೇಡಿ ಮತ್ತೆ."

"ಹೇಳುದಿಲ್ಲ."

ಫೋನಿನ ಹಣ ಹೋಗುತ್ತಿದೆ ಎಂದು ಸಾಮಾನ್ಯವಾಗಿ ಅವಸರ ಮಾಡುವವಳು ಅಂದು ಅವಸರ ಮಾಡಲಿಲ್ಲ.

"ಈಗ ಹೊರಟರೂ ನಾನು ಬಂದು ಮುಟ್ಟುವಾಗ ಕರಗಿರ್ತದೆ," ಎಂದಳು ಕೊನೆಗೆ. "ಹೆಡ್ ಮೇಡಮ್‌ಗೆ ಇವತ್ತೇ ಹೇಳ್ತೇನೆ. ಬರುವ ವರ್ಷದ ಮಂಜಿಗೆ ನಾನು ಅಲ್ಲೇ ಇರ್ತೇನೆ."